ಮಕ್ಕಳ ಮಾತಿಗೊಂದು ಕಿವಿ

ಹೇಳಿಕೊಂಡರೆ ದುಃಖ ಅರ್ಧವಾಗುತ್ತದೆ ಎಂದು ಹಿರಿಯರು ಹೇಳುವುದುಂಟು. ಮಾತು ನಿಜ. ಆದರೆ ಹೇಳಿಕೊಳ್ಳುವುದಕ್ಕೆ ಎದುರಿನಲ್ಲಿ ಒಬ್ಬರು ಬೇಕು. ಅವರು ತಾಳ್ಮೆಯಿಂದ ಕೇಳಿಸಿಕೊಳ್ಳುವವರಾಗಿರಬೇಕು. ಕೇಳಿಸಿಕೊಂಡದ್ದನ್ನು ಬೀದಿಗೆ ತರದವರಾಗಿರಬೇಕು. ದೊಡ್ಡವರಿಗೆ ಇಂಥವರು ಹೇಗೋ ದೊರೆಯುತ್ತಾರೆ. ಜಗಲಿಯ ಮೇಲೆ, ಸಂತೆಯ ದಾರಿಯಲ್ಲಿ, ಕಚೇರಿಯ ಊಟದ ಬಿಡುವಿನಲ್ಲಿ ಅವರು ತಮ್ಮ ಕಷ್ಟಸುಖಗಳನ್ನು ಆಡಿಕೊಂಡು ಹಗುರಾಗುತ್ತಾರೆ. ಮಕ್ಕಳಿಗೆ ಅಂಥ ಜಗಲಿಗಳು ಕಡಮೆ. ಮಗುವಿನ ಅಳಲು ಮನೆಯಲ್ಲಿಯೇ ಹುಟ್ಟಿದ್ದಾದರೆ ಅದನ್ನು ಮನೆಯವರಿಗೆ ಹೇಳುವುದು ಹೇಗೆ? ಶಾಲೆಯಲ್ಲಿ ಹುಟ್ಟಿದ್ದಾದರೆ ಶಾಲೆಯಲ್ಲಿ ಹೇಳುವುದು ಹೇಗೆ? ‘ಚಿಕ್ಕವರಿಗೆ ಎಂಥ ಚಿಂತೆ!’ ಎಂಬ ಒಂದೇ ಮಾತಿನಿಂದ ಎಷ್ಟೋ ಮಕ್ಕಳ ಬಾಯಿ ಮುಚ್ಚಿಹೋಗುತ್ತದೆ.

ಹೀಗೆ ಬಾಯಿ ಕಟ್ಟಿದ ಮಕ್ಕಳಿಗಾಗಿ ಹುಟ್ಟಿಕೊಂಡ ಏರ್ಪಾಡೇ ಮಕ್ಕಳ ಸಹಾಯವಾಣಿ. ದೂರವಾಣಿಯ ಆ ತುದಿಯಲ್ಲಿ ಒಂದು ಮಗು. ಈ ತುದಿಯಲ್ಲಿ ಆ ಮಗುವಿನ ಹೆಸರು, ಮುಖ, ಊರು ಒಂದನ್ನೂ ಅರಿಯದ ಒಬ್ಬ ಹಿರಿಯ. ಬ್ರಿಟನ್ನಿನಂಥ ದೇಶಗಳಲ್ಲಿ ಈ ಹಿರಿಯರ ಪೈಕಿ ಹೆಚ್ಚಿನವರು ಸಂಬಳ ಪಡೆಯದ ಸ್ವಯಂಸೇವಕರು. ಹಗಲು ತಮ್ಮ ಉದ್ಯೋಗ ನೋಡಿಕೊಂಡು, ವಾರಕ್ಕೊಂದು ಸಲ ಬಂದು, ನಾಲ್ಕು ಗಂಟೆಗಳ ಕಾಲ ಬೇರೆಯವರ ಮಕ್ಕಳ ಮಾತಿಗೆ ಕಿವಿಕೊಟ್ಟು ಕುಳಿತು ಹೋಗುವ ಇವರ ಕೆಲಸ ಹೊರಗಿನಿಂದ ನೋಡುವವರಿಗೆ ಬಹಳ ಸುಲಭವೆಂದು ತೋರುತ್ತದೆ. ಕೇಳಿಸಿಕೊಳ್ಳುವುದೂ ಒಂದು ವಿದ್ಯೆಯೆ? ಅದನ್ನು ಕಲಿಯಬೇಕೆ? ಇದನ್ನು ತಿಳಿಯಬೇಕಾದರೆ ಮೊದಲು ಈ ಏರ್ಪಾಡು ಬೆಳೆದುಬಂದ ಬಗೆಯನ್ನು ಸ್ವಲ್ಪ ನೋಡಬೇಕು.

ಇಂಗ್ಲೆಂಡಿನಲ್ಲಿ ಚಾಡ್ ವಾರಾ ಎಂಬ ಪಾದ್ರಿಯೊಬ್ಬರಿದ್ದರು. 1935ರಲ್ಲಿ, ಅವರು ಇನ್ನೂ ಇಪ್ಪತ್ತನಾಲ್ಕನ್ನು ಮುಟ್ಟದ ತರುಣ. ಲಿಂಕನ್ ನಗರದಲ್ಲಿ ಕಿರಿಯ ಪಾದ್ರಿಯಾಗಿ ಆಗತಾನೆ ನೇಮಕಗೊಂಡಿದ್ದರು. ಅವರು ನಡೆಸಿಕೊಡಬೇಕಾಗಿ ಬಂದ ಮೊದಲ ಅಂತ್ಯಕ್ರಿಯೆ ಹದಿನಾಲ್ಕರ ಆಸುಪಾಸಿನ ಒಬ್ಬ ಬಾಲಕಿಯದು. ಆಕೆ ತನ್ನ ಜೀವವನ್ನು ತಾನೇ ಕಳೆದುಕೊಂಡಿದ್ದಳು. ಕಾರಣ ಕೇಳಿದರೆ ಎದೆ ಒಡೆಯುತ್ತದೆ. ಆ ವಯಸ್ಸಿನ ಎಲ್ಲ ಹೆಣ್ಣುಮಕ್ಕಳಿಗೂ ಆಗುವಂತೆ ಆಕೆ ಋತುಮತಿಯಾಗಿದ್ದಳು. ಅದು ಆರೋಗ್ಯದ ಲಕ್ಷಣವೆಂದು ಆಕೆಗೆ ಯಾರೂ ಹೇಳಿರಲಿಲ್ಲ. ತನಗೆ ಹೇಳಬಾರದಂಥ ರೋಗ ತಗುಲಿತೆಂದು ಆ ಮಗು ಭಾವಿಸಿತು. ಯಾರಾದರೂ ಒಬ್ಬರು ಎರಡು ನಿಮಿಷ ಕುಳಿತು ವಿವರಿಸಿದ್ದರೆ ಸಾಕಾಗುತ್ತಿತ್ತು. ಆ ಒಬ್ಬರು ಇರಲಿಲ್ಲ; ಅಥವಾ ಇದ್ದರೂ ಅವರನ್ನು ಕೇಳಬಹುದೆಂಬ ಧೈರ್ಯ ಆ ಮಗುವಿಗೆ ಇರಲಿಲ್ಲ. ವಾರಾ ಅವರು ಈ ಸಾವನ್ನು ಮರೆಯಲಿಲ್ಲ.

ಮುಂದೆ ಅವರು ಲಂಡನ್ನಿಗೆ ಬಂದು ಸೇಂಟ್ ಸ್ಟೀಫನ್ ವಾಲ್‌ಬ್ರುಕ್ ಎಂಬ ಚರ್ಚಿನ ಪಾದ್ರಿಯಾದರು. 1953ರ ನವೆಂಬರ್ 2ರಂದು ಆ ಚರ್ಚಿನ ಕೊಠಡಿಯೊಂದರಲ್ಲಿ ಒಂದು ದೂರವಾಣಿಯನ್ನು ಇಟ್ಟುಕೊಂಡು, ಬದುಕು ಸಾಕೆನಿಸಿದವರು ತಮಗೆ ಕರೆ ಮಾಡಬಹುದೆಂದು ಸಾರಿದರು. ಬೆಂಕಿ ಬಿದ್ದರೆ ಅಗ್ನಿಶಾಮಕದವರನ್ನು ಕರೆಯಲು ಒಂದು ಸಂಖ್ಯೆ ಇರುವಾಗ ಮನಸ್ಸಿಗೆ ಬೆಂಕಿ ಬಿದ್ದವರಿಗೆ ಒಂದು ಸಂಖ್ಯೆ ಏಕಿರಬಾರದು ಎಂಬುದು ಅವರ ವಿಚಾರಸರಣಿಯಾಗಿತ್ತು. ಜನ ಕರೆ ಮಾಡಿದರು. ಕರೆ ಮಾಡಿದ್ದಲ್ಲದೆ ನೇರವಾಗಿ ಬಂದು ಹೊರಗಿನ ಕೊಠಡಿಯಲ್ಲಿ ಸರದಿಗಾಗಿ ಕಾಯತೊಡಗಿದರು. ಕಾಯುತ್ತಿದ್ದವರಿಗೆ ಚಹ ಕೊಟ್ಟು, ಜೊತೆಗೆ ಕುಳಿತುಕೊಳ್ಳುವುದಕ್ಕೆಂದು ಕೆಲವು ಸ್ವಯಂಸೇವಕರು ಬರುತ್ತಿದ್ದರು. ಅವರು ಮನಶ್ಶಾಸ್ತ್ರ ಓದಿದವರಲ್ಲ. ಸಾಮಾನ್ಯ ಗೃಹಸ್ಥರು, ಗೃಹಿಣಿಯರು.

ಇಲ್ಲಿ ಒಂದು ವಿಶೇಷ ನಡೆಯಿತು. ಒಳಗೆ ಹೋಗಿ ಪಾದ್ರಿಯನ್ನು ಕಾಣಬೇಕೆಂದು ಬಂದವರಲ್ಲಿ ಅನೇಕರು, ಹೊರಗೆ ಚಹ ಕುಡಿಯುತ್ತ ಸ್ವಯಂಸೇವಕರೊಡನೆ ಮಾತನಾಡಿ, ಒಳಗೆ ಹೋಗದೆಯೇ ಸಮಾಧಾನದಿಂದ ಹಿಂದಿರುಗುತ್ತಿದ್ದರು. ವಾರಾ ಅವರ ದೊಡ್ಡತನವೆಂದರೆ ಇದನ್ನು ಕಂಡು ಅವರು ಅಸೂಯೆಪಡಲಿಲ್ಲ. ಜನರಿಗೆ ಬೇಕಾದದ್ದು ತಮ್ಮ ಪಾಂಡಿತ್ಯವಲ್ಲ, ಆ ಚಹದ ಜೊತೆಗಿನ ಕಿವಿ ಎಂಬುದನ್ನು ಅವರು ಒಪ್ಪಿಕೊಂಡರು. 1954ರಲ್ಲಿ ದೂರವಾಣಿಯ ಕೆಲಸವನ್ನು ಆ ಸ್ವಯಂಸೇವಕರ ಕೈಗೇ ಒಪ್ಪಿಸಿದರು. ‘ಸಮಾರಿಟನ್ಸ್’ ಎಂಬ ಹೆಸರಿನ ಆ ಸಂಸ್ಥೆ ಇಂದಿಗೂ ಸ್ವಯಂಸೇವಕರಿಂದಲೇ ನಡೆಯುತ್ತಿದೆ. ತರಬೇತಿ ಪಡೆದ ಸಾಮಾನ್ಯ ಮನುಷ್ಯನೊಬ್ಬ ದೂರವಾಣಿಯ ಮೂಲಕ ಮತ್ತೊಬ್ಬ ಮನುಷ್ಯನ ಜೀವವನ್ನು ಕಾಯಬಲ್ಲ ಎಂಬ ತಿಳಿವಳಿಕೆ ಜಗತ್ತಿನಲ್ಲಿ ಹರಡಿದ್ದು ಬಹುಮಟ್ಟಿಗೆ ಆ ಕೊಠಡಿಯಿಂದ.

ಆದರೆ ಅದು ಮುಖ್ಯವಾಗಿ ದೊಡ್ಡವರ ದೂರವಾಣಿ. ಮಕ್ಕಳಿಗೇ ಮೀಸಲಾದ ಸಂಖ್ಯೆಯೊಂದು ಬ್ರಿಟನ್ನಿನಲ್ಲಿ ಬರುವುದಕ್ಕೆ ಇನ್ನೂ ಮೂರು ದಶಕಗಳು ಬೇಕಾದುವು. 1986ರಲ್ಲಿ ಅಲ್ಲಿನ ಬಿಬಿಸಿ ದೂರದರ್ಶನದ ನಿರೂಪಕಿ ಎಸ್ತರ್ ರ‍್ಯಾಂಟ್‌ಜೆನ್ ಎಂಬವರು ಮಕ್ಕಳ ಮೇಲಿನ ಕ್ರೌರ್ಯವನ್ನು ಕುರಿತ ಕಾರ್ಯಕ್ರಮವೊಂದನ್ನು ಸಿದ್ಧಗೊಳಿಸಿದರು. ಆ ಕಾರ್ಯಕ್ರಮ ಬಿತ್ತರವಾದ ಅಕ್ಟೋಬರ್ 30ರ ರಾತ್ರಿಯೇ ‘ಚೈಲ್ಡ್‌ಲೈನ್’ ಎಂಬ ಸಹಾಯವಾಣಿಯೂ ಆರಂಭವಾಯಿತು. ಸಂಖ್ಯೆ 0800 1111; ಕರೆಗೆ ಕಾಸಿಲ್ಲ. ಆ ಮೊದಲ ರಾತ್ರಿಯೊಂದರಲ್ಲೇ ಸುಮಾರು 50,000 ಸಲ ಆ ಸಂಖ್ಯೆಯನ್ನು ಮುಟ್ಟುವ ಪ್ರಯತ್ನ ನಡೆಯಿತೆಂದು ಸಂಸ್ಥೆಯ ಚರಿತ್ರೆ ಹೇಳುತ್ತದೆ. ಮಕ್ಕಳಿಗೆ ಹೇಳಿಕೊಳ್ಳುವಂಥ ದುಃಖವೇ ಇಲ್ಲವೆಂದು ನಂಬಿದ್ದ ಸಮಾಜಕ್ಕೆ ಇದೊಂದು ಪೆಟ್ಟು. ಹೇಳಲು ಇತ್ತು, ಕೇಳುವವರು ಇರಲಿಲ್ಲ, ಅಷ್ಟೆ. 2006ರಿಂದ ಈ ಸಹಾಯವಾಣಿ ಮಕ್ಕಳ ಮೇಲಿನ ಕ್ರೌರ್ಯವನ್ನು ತಡೆಯಲು ಶ್ರಮಿಸುವ ಅಲ್ಲಿನ ಹಳೆಯ ರಾಷ್ಟ್ರೀಯ ಸಂಘವೊಂದರ ಅಂಗವಾಗಿ ನಡೆಯುತ್ತಿದೆ.

ಈ ಸಹಾಯವಾಣಿಯ ಸ್ವಯಂಸೇವಕರಾಗಲು ಯಾವ ದೊಡ್ಡ ಪದವಿಯೂ ಬೇಡ. ಆದರೆ ಬಂದವರೆಲ್ಲರನ್ನೂ ಸೇರಿಸಿಕೊಳ್ಳುವುದಿಲ್ಲ. ಮೊದಲು ಅವರ ಪೂರ್ವಾಪರಗಳನ್ನು ವಿಚಾರಿಸುತ್ತಾರೆ. ಏಕೆಂದರೆ ಮಕ್ಕಳ ಬಳಿಗೆ ಬರುವವರು ಯಾರೆಂಬುದು ತಿಳಿದಿರಲೇಬೇಕು. ಅನಂತರ ಹಲವು ವಾರಗಳ ತರಬೇತಿ. ಅಲ್ಲಿ ಒಬ್ಬರು ಮಗುವಾಗಿ, ಇನ್ನೊಬ್ಬರು ಸಮಾಲೋಚಕರಾಗಿ, ನಾಟಕದಂತೆ ಕರೆಗಳನ್ನು ಅಭ್ಯಾಸ ಮಾಡುತ್ತಾರೆ. ಆಮೇಲೆ ಅನುಭವಸ್ಥರ ಪಕ್ಕದಲ್ಲಿ ಕುಳಿತು ಅವರು ಮಾತನಾಡುವ ರೀತಿಯನ್ನು ಗಮನಿಸುತ್ತಾರೆ. ತಾನೊಬ್ಬನೇ ಕರೆಯನ್ನು ಸ್ವೀಕರಿಸುವುದು ಇಷ್ಟೆಲ್ಲ ಆದ ಮೇಲೆ.

ತರಬೇತಿಯಲ್ಲಿ ಕಲಿಯುವುದಕ್ಕಿಂತ ಮರೆಯಬೇಕಾದದ್ದೇ ಹೆಚ್ಚು. ಮೊದಲು ಮರೆಯಬೇಕಾದದ್ದು ಬುದ್ಧಿ ಹೇಳುವ ಚಪಲ. ಯಾರಾದರೂ ಕಷ್ಟ ಹೇಳಿಕೊಂಡರೆ ಸಾಕು, ‘ನೀನು ಹೀಗೆ ಮಾಡು’ ಎಂದು ದಾರಿ ತೋರಿಸಲು ಹೊರಡುವುದು ದೊಡ್ಡವರ ಸ್ವಭಾವ. ಈ ವಿಷಯದಲ್ಲಿ ಉಪಾಧ್ಯಾಯರಿಗೆ ಕಷ್ಟ ಇನ್ನೂ ಹೆಚ್ಚು. ಪ್ರಶ್ನೆ ಕಿವಿಗೆ ಬಿದ್ದೊಡನೆ ಉತ್ತರ ಕೊಡುವುದು ಅವರಿಗೆ ವೃತ್ತಿಯಿಂದ ಬಂದ ಅಭ್ಯಾಸ! ಆದರೆ ಮಗುವಿನ ಮನೆಯ ಸ್ಥಿತಿಗತಿ ಬಲ್ಲದ್ದು ಮಗುವೇ ಹೊರತು ದೂರವಾಣಿಯಲ್ಲಿ ಕುಳಿತವರಲ್ಲ. ‘ಹೋಗಿ ನಿನ್ನ ಅಮ್ಮನಿಗೆ ಹೇಳು’ ಎಂದು ಹೇಳುವುದು ಸುಲಭ. ಆ ಅಮ್ಮನೇ ಹೆದರಿ ನಡುಗುತ್ತಿರುವವಳಾದರೆ? ಆಕೆ ಮನೆಯಲ್ಲಿಯೇ ಇಲ್ಲದಿದ್ದರೆ? ಆದ್ದರಿಂದ ‘ನಿನಗೆ ಏನಾಗಬೇಕೆಂದು ಆಸೆ?’, ‘ನೀನು ಹೇಳಿಕೊಳ್ಳಬಹುದಾದ ಒಬ್ಬರು ಯಾರಾದರೂ ಇದ್ದಾರೆಯೆ?’ ಎಂದು ಕೇಳುತ್ತ, ಮಗುವೇ ತನ್ನ ದಾರಿಯನ್ನು ಹುಡುಕಿಕೊಳ್ಳುವಂತೆ ಜೊತೆಯಲ್ಲಿ ನಡೆಯುವುದು ಸಮಾಲೋಚಕನ ಕೆಲಸ.

ಎರಡನೆಯದು ‘ಏಕೆ’ ಎಂಬ ಮಾತು. ‘ಏಕೆ ಮನೆ ಬಿಟ್ಟು ಬಂದೆ?’, ‘ಇಷ್ಟು ದಿನ ಏಕೆ ಹೇಳಲಿಲ್ಲ?’ ಎಂಬ ಪ್ರಶ್ನೆಗಳು ಕೇಳುವವರ ಬಾಯಲ್ಲಿ ಪ್ರಶ್ನೆಗಳೇ ಆಗಿರಬಹುದು. ನೊಂದ ಮಗುವಿನ ಕಿವಿಯಲ್ಲಿ ಅವು ಆರೋಪಗಳಾಗುತ್ತವೆ. ಅದರ ಬದಲು ‘ಅದನ್ನು ಕುರಿತು ಇನ್ನಷ್ಟು ಹೇಳುವೆಯಾ?’ ಎಂದರೆ ಬಾಗಿಲು ತೆರೆದುಕೊಳ್ಳುತ್ತದೆ. ಹೌದು ಅಥವಾ ಅಲ್ಲ ಎಂಬಷ್ಟರಲ್ಲೇ ಮುಗಿಯುವ ಪ್ರಶ್ನೆಗಳಿಂದಲೂ ಹೆಚ್ಚು ಪ್ರಯೋಜನವಿಲ್ಲ. ‘ಅಳಬೇಡ’ ಎನ್ನುವುದೂ ಇಲ್ಲಿ ನಿಷಿದ್ಧ. ಅಳು ಬಂದಾಗ ಅಳುವುದಕ್ಕೆ ಒಂದು ಸ್ಥಳ ಸಿಕ್ಕಿತಲ್ಲ ಎಂದು ಮಗುವಿಗೆ ಅನ್ನಿಸಬೇಕು. ಸಮಾಲೋಚಕರು ‘ಸಮಯವಿದೆ, ಅವಸರವಿಲ್ಲ’ ಎಂದು ಹೇಳಿ ಕಾಯುತ್ತಾರೆ.

ಕಾಯುವುದು! ಬಹುಶಃ ಇದೇ ಎಲ್ಲಕ್ಕಿಂತ ಕಠಿನವಾದ ಪಾಠ. ಮಕ್ಕಳ ಸಹಾಯವಾಣಿಗಳಿಗೆ ಬರುವ ಕರೆಗಳಲ್ಲಿ ಗಣನೀಯವಾದ ಪಾಲು ಮೌನದ ಕರೆಗಳು. ಗಂಟೆ ಬಾರಿಸುತ್ತದೆ, ಎತ್ತಿಕೊಂಡರೆ ಆ ಕಡೆಯಿಂದ ಮಾತಿಲ್ಲ, ಉಸಿರಾಟದ ಸದ್ದು ಮಾತ್ರ ಕೇಳಿಸುತ್ತದೆ. ಬೇರೆ ಕಡೆಗಳಲ್ಲಾದರೆ ‘ಯಾರದು?’ ಎಂದು ಗದರಿಸಿ ಇಟ್ಟುಬಿಡುತ್ತಾರೆ. ಇಲ್ಲಿ ಹಾಗೆ ಇಡುವಂತಿಲ್ಲ. ‘ಮಾತನಾಡಲು ಕಷ್ಟವಾಗುತ್ತಿರಬಹುದು, ಪರವಾಗಿಲ್ಲ. ಇಲ್ಲಿ ನಿನ್ನ ಮಾತನ್ನು ಕೇಳಲು ಒಬ್ಬರಿದ್ದಾರೆ’ ಎಂದು ಮೆಲ್ಲಗೆ ಹೇಳಿ ಸುಮ್ಮನಿರಬೇಕು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ ಹೇಳಬೇಕು. ಕೆಲವು ಮಕ್ಕಳು ಮೌನವಾಗಿಯೇ ಕರೆಯನ್ನು ಮುಗಿಸಿ, ಮತ್ತೆ ಬೇರೊಂದು ದಿನ ಮಾತನಾಡುವುದುಂಟು. ಈಜಲು ಕಲಿಯುವವನು ಮೊದಲು ನೀರಿಗೆ ಕಾಲಿಟ್ಟು ನೋಡುವಂತೆ ಅವರು ಈ ಕಡೆಯ ಧ್ವನಿಯನ್ನು ಪರೀಕ್ಷಿಸುತ್ತಿರುತ್ತಾರೆ.

ತಮಾಷೆಯ ಕರೆಗಳದೂ ಇದೇ ಕಥೆ. ನಾಲ್ಕು ಜನ ಹುಡುಗರು ಸೇರಿ ಕರೆ ಮಾಡಿ, ಏನೋ ಹರಟಿ, ಗೊಳ್ಳೆಂದು ನಕ್ಕು ಇಟ್ಟುಬಿಡುತ್ತಾರೆ. ಸಮಾಲೋಚಕರು ಸಿಟ್ಟಾಗುವಂತಿಲ್ಲ. ನಗುವ ಆ ನಾಲ್ವರಲ್ಲಿ ಒಬ್ಬನು, ಇಲ್ಲಿ ಬೈಯುವುದಿಲ್ಲ ಎಂಬುದನ್ನು ತಿಳಿದುಕೊಂಡು, ರಾತ್ರಿ ಒಬ್ಬನೇ ಇದ್ದಾಗ ಮತ್ತೆ ಕರೆ ಮಾಡಬಹುದು.

ಒಂದು ಕರೆ ಹೇಗೆ ಸಾಗುತ್ತದೆಂಬುದನ್ನು ಊಹಿಸಿಕೊಳ್ಳೋಣ. ಇದು ಯಾವ ಒಂದು ಮಗುವಿನ ಕಥೆಯೂ ಅಲ್ಲ. ಅಂಥ ಕಥೆಗಳನ್ನು ಹೊರಗೆ ಹೇಳುವುದು ಈ ಕೆಲಸದ ಧರ್ಮಕ್ಕೆ ವಿರುದ್ಧ. ಇಂಗ್ಲೆಂಡಿನ ಯಾವುದೋ ಊರು; ಚಳಿಗಾಲದ ಸಂಜೆ. ಹನ್ನೆರಡು ವರ್ಷದ ಹುಡುಗಿಯೊಬ್ಬಳ ಧ್ವನಿ ಕೇಳಿಸುತ್ತದೆ. ಅವಳ ಮೊದಲ ಪ್ರಶ್ನೆ: “ಈ ಕರೆ ಮನೆಯ ದೂರವಾಣಿಯ ಬಿಲ್ಲಿನಲ್ಲಿ ಕಾಣಿಸುತ್ತದೆಯೆ?” ಕಾಣಿಸುವುದಿಲ್ಲವೆಂಬ ಉತ್ತರ ಬಂದ ಮೇಲೆ ಸ್ವಲ್ಪ ಮೌನ. ಅನಂತರ, “ನನ್ನ ಗೆಳತಿಯೊಬ್ಬಳಿಗೆ ತೊಂದರೆಯಾಗಿದೆ. ಅವಳಿಗೋಸ್ಕರ ಕೇಳುತ್ತಿದ್ದೇನೆ.”

ಅನುಭವವುಳ್ಳ ಸಮಾಲೋಚಕಿಗೆ ಆ ಗೆಳತಿ ಯಾರೆಂಬ ಅನುಮಾನ ಬಾರದೆ ಇರುವುದಿಲ್ಲ. ಆದರೂ ಆಕೆ ಅದನ್ನು ತೋರಗೊಡುವುದಿಲ್ಲ. “ಗೆಳತಿಯ ಬಗ್ಗೆ ನಿನಗೆ ಎಷ್ಟು ಕಾಳಜಿ! ಅವಳಿಗೆ ಏನಾಗಿದೆ, ಹೇಳು” ಎನ್ನುತ್ತಾಳೆ. ಗೆಳತಿಯ ತಂದೆ ಕುಡಿದು ಬರುತ್ತಾನೆ, ತಾಯಿಯನ್ನು ಹೊಡೆಯುತ್ತಾನೆ, ಗೆಳತಿಗೆ ನಾಲ್ಕು ವರ್ಷದ ತಮ್ಮನಿದ್ದಾನೆ, ಅವನನ್ನು ತನ್ನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲಿಗೆ ಕುರ್ಚಿಯನ್ನು ಒತ್ತರಿಸಿ ಮಲಗುತ್ತಾಳೆ. ಹೀಗೆ ಹೇಳುತ್ತ ಹೇಳುತ್ತ ‘ಅವಳ ತಮ್ಮ’ ಎಂಬುದು ಯಾವಾಗಲೋ ‘ನನ್ನ ತಮ್ಮ’ ಎಂದಾಗುತ್ತದೆ. ಸಮಾಲೋಚಕಿ ಆಗಲೂ ಅದನ್ನು ಎತ್ತಿ ಆಡುವುದಿಲ್ಲ. “ರಾತ್ರಿಯೆಲ್ಲ ಅವನನ್ನು ಕಾಯುವುದು ನಿನಗೆ ಬಹಳ ಆಯಾಸವಾಗುತ್ತಿರಬೇಕು” ಎಂದಷ್ಟೇ ಹೇಳುತ್ತಾಳೆ. ಹುಡುಗಿ ಅಳತೊಡಗುತ್ತಾಳೆ.

ಅಳು ನಿಂತ ಮೇಲೆ ಅವಳು ಕೇಳುತ್ತಾಳೆ: “ನೀವು ಇದನ್ನು ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡುತ್ತೀರಾ?”

ಇಡೀ ಕೆಲಸದಲ್ಲಿ ಇದಕ್ಕಿಂತ ಕಠಿನವಾದ ಗಳಿಗೆ ಬೇರೊಂದಿಲ್ಲ. ಮಾತು ಕೊಟ್ಟರೆ ಹುಡುಗಿ ನಿರಾಳವಾಗಿ ಎಲ್ಲವನ್ನೂ ಹೇಳಬಹುದು. ಆದರೆ ನಾಳೆ ಆ ನಾಲ್ಕು ವರ್ಷದ ಮಗುವಿನ ಪ್ರಾಣಕ್ಕೇ ಅಪಾಯವೆಂದು ಗೊತ್ತಾದರೆ ಕೊಟ್ಟ ಮಾತನ್ನು ಮುರಿಯಬೇಕಾಗುತ್ತದೆ. ಮಾತು ಕೊಡುವುದಿಲ್ಲವೆಂದರೆ ಅವಳು ಈಗಲೇ ದೂರವಾಣಿಯನ್ನು ಇಟ್ಟುಬಿಡಬಹುದು. ಅವಳ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಒಮ್ಮೆ ಇಟ್ಟರೆ ಮುಗಿಯಿತು. ಆದರೂ ಸಮಾಲೋಚಕಿ ಸುಳ್ಳು ಹೇಳಕೂಡದು. “ನೀನು ಹೇಳಿದ್ದು ನಿನ್ನ ಮತ್ತು ಈ ಸಹಾಯವಾಣಿಯ ನಡುವೆಯೇ ಇರುತ್ತದೆ. ಆದರೆ ನಿನ್ನ ಪ್ರಾಣಕ್ಕೋ ಮತ್ತೊಬ್ಬರ ಪ್ರಾಣಕ್ಕೋ ದೊಡ್ಡ ಅಪಾಯವಿದೆಯೆಂದು ತೋರಿದರೆ, ನಿನ್ನನ್ನು ಕಾಪಾಡುವುದಕ್ಕಾಗಿ ಬೇರೆಯವರಿಗೆ ತಿಳಿಸಬೇಕಾಗಬಹುದು. ಹಾಗೆ ಮಾಡುವ ಮೊದಲು ನಿನಗೆ ಹೇಳಲು ಆದಷ್ಟು ಪ್ರಯತ್ನಪಡುತ್ತೇವೆ” ಎಂದು ಇದ್ದದ್ದನ್ನು ಇದ್ದಂತೆ ಹೇಳಬೇಕು. ಗೋಪ್ಯತೆ ಎಂಬುದಕ್ಕೂ ಒಂದು ಎಲ್ಲೆಯುಂಟು. ಆ ಎಲ್ಲೆ ಎಲ್ಲಿದೆ ಎಂಬುದನ್ನು ಮಗುವಿನಿಂದ ಮುಚ್ಚಿಡುವುದು ಮೋಸ. ದೊಡ್ಡವರ ಮುರಿದ ಮಾತುಗಳಿಂದಲೇ ನೊಂದು ಬಂದ ಮಗುವಿಗೆ ಇನ್ನೊಂದು ಮುರಿಯುವ ಮಾತನ್ನು ಕೊಡಬಾರದು.

ಹುಡುಗಿ ದೂರವಾಣಿಯನ್ನು ಇಡುವುದಿಲ್ಲವೆಂದೇ ಇಟ್ಟುಕೊಳ್ಳೋಣ. ಮಾತು ಮುಂದುವರಿದು, ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಉಪಾಧ್ಯಾಯಿನಿಯೊಬ್ಬರು ತನ್ನನ್ನು ಆಗಾಗ ‘ಚೆನ್ನಾಗಿದ್ದೀಯಾ?’ ಎಂದು ಕೇಳುತ್ತಾರೆಂಬುದು ಅವಳಿಗೆ ನೆನಪಾಗುತ್ತದೆ. ಅವರಿಗೆ ಹೇಳಬಹುದೇನೋ. ಹೇಗೆ ಆರಂಭಿಸುವುದು? ಆ ಮೊದಲ ವಾಕ್ಯವನ್ನು ಇಬ್ಬರೂ ಸೇರಿ ನಾಲ್ಕಾರು ಸಲ ಹೇಳಿ ನೋಡುತ್ತಾರೆ. ಹೊಡೆತ ಆರಂಭವಾದರೆ ನಡುವೆ ಬೀಳದೆ ತಮ್ಮನೊಡನೆ ದೂರ ಸರಿದು ಪೊಲೀಸರ ತುರ್ತುಸಂಖ್ಯೆಗೆ ಕರೆ ಮಾಡುವುದು ಹೇಗೆಂಬುದನ್ನೂ ಮಾತನಾಡಿಕೊಳ್ಳುತ್ತಾರೆ. ‘ಅಪ್ಪ ಕುಡಿಯುವುದು ನನ್ನ ತಪ್ಪಿನಿಂದಲೆ?’ ಎಂದು ಹುಡುಗಿ ಕೇಳಿದರೆ ಆಗ ಮಾತ್ರ ಸಮಾಲೋಚಕಿ ಕಾಯುವುದಿಲ್ಲ. ‘ಅಲ್ಲ, ಅದು ನಿನ್ನ ತಪ್ಪಲ್ಲ’ ಎಂದು ಒಡನೆಯೇ ಸ್ಪಷ್ಟವಾಗಿ ಹೇಳುತ್ತಾಳೆ. ಮಕ್ಕಳು ತಮ್ಮ ಮನೆಯ ಸಂಕಟಕ್ಕೆಲ್ಲ ತಾವೇ ಕಾರಣವೆಂದು ಭಾವಿಸುವುದು ಬಹಳ ಸಾಮಾನ್ಯ.

ಕರೆ ಮುಗಿಯುತ್ತದೆ. ಹುಡುಗಿ ಮರುದಿನ ಆ ಉಪಾಧ್ಯಾಯಿನಿಗೆ ಹೇಳಿದಳೆ? ಅವರು ಕೇಳಿಸಿಕೊಂಡರೆ? ಸಮಾಲೋಚಕಿಗೆ ಇದು ಹೆಚ್ಚಾಗಿ ತಿಳಿಯುವುದೇ ಇಲ್ಲ. ವೈದ್ಯನು ರೋಗಿ ಗುಣವಾದುದನ್ನು ನೋಡುತ್ತಾನೆ. ರೈತನು ಪೈರು ಬಂದುದನ್ನು ನೋಡುತ್ತಾನೆ. ಇವರಿಗೆ ಆ ಭಾಗ್ಯ ಇಲ್ಲ. ಕಥೆಯ ನಡುವಿನ ಒಂದು ಪುಟವನ್ನು ಮಾತ್ರ ಓದಿ ಪುಸ್ತಕವನ್ನು ಹಿಂದಕ್ಕೆ ಕೊಡಬೇಕಾದ ಸ್ಥಿತಿ. ಇದು ಮನಸ್ಸನ್ನು ಕೊರೆಯುತ್ತದೆ. ಅದಕ್ಕಾಗಿಯೇ ಈ ಕೇಂದ್ರಗಳಲ್ಲಿ ಸ್ವಯಂಸೇವಕರನ್ನು ಒಂಟಿಯಾಗಿ ಬಿಡುವುದಿಲ್ಲ. ಅನುಭವಸ್ಥ ಮೇಲ್ವಿಚಾರಕರು ಅದೇ ಕೊಠಡಿಯಲ್ಲಿ ಇರುತ್ತಾರೆ. ಕರೆಯೊಂದು ಕಠಿನವಾದಾಗ ನೆರವಾಗುತ್ತಾರೆ. ಬೇರೆಯವರಿಗೆ ತಿಳಿಸಬೇಕೆ ಬೇಡವೆ ಎಂಬ ನಿರ್ಧಾರವನ್ನು ಸ್ವಯಂಸೇವಕರು ತಾವಾಗಿ ತೆಗೆದುಕೊಳ್ಳುವುದಿಲ್ಲ. ಸರದಿ ಮುಗಿದ ಮೇಲೆ ಎಲ್ಲರೂ ಕುಳಿತು, ಅಂದು ಕೇಳಿದ್ದರಲ್ಲಿ ಯಾವುದು ಭಾರವಾಯಿತೆಂಬುದನ್ನು ಹೇಳಿಕೊಂಡು ಮನೆಗೆ ಹೋಗುತ್ತಾರೆ. ಕೇಳುವವರ ಮಾತನ್ನು ಕೇಳುವವರೂ ಬೇಕಲ್ಲವೆ?

ಇತ್ತೀಚಿನ ವರ್ಷಗಳಲ್ಲಿ ಈ ಕೆಲಸದ ರೂಪ ಬದಲಾಗಿದೆ. ಬ್ರಿಟನ್ನಿನ ಮಕ್ಕಳಲ್ಲಿ ಹೆಚ್ಚಿನವರು ಈಗ ಮಾತನಾಡುವುದಕ್ಕಿಂತ ಅಂತರ್ಜಾಲದ ಮೂಲಕ ಬರೆದು ತಿಳಿಸುವುದನ್ನೇ ಇಷ್ಟಪಡುತ್ತಾರೆ. ಪಕ್ಕದ ಕೋಣೆಯವರಿಗೆ ಕೇಳಿಸುವುದಿಲ್ಲ ಎಂಬುದು ಅದರ ಅನುಕೂಲ. ಆದರೆ ಧ್ವನಿಯಲ್ಲಿ ಕೇಳಿಸುತ್ತಿದ್ದ ನಡುಕ ಬರಹದಲ್ಲಿ ಕಾಣಿಸದು. ಸಮಾಲೋಚಕರು ಅಕ್ಷರಗಳ ನಡುವಿನ ವಿಳಂಬವನ್ನೇ ಓದಲು ಕಲಿಯಬೇಕಾಗಿದೆ.

ಭಾರತದಲ್ಲಿ ಈ ಸೇವೆ ಹುಟ್ಟಿದ ಬಗೆ ಬೇರೆ. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾಗಿದ್ದ ಜೆರೂ ಬಿಲಿಮೋರಿಯಾ ಅವರಿಗೆ ರೈಲುನಿಲ್ದಾಣಗಳಲ್ಲಿಯೂ ಬೀದಿಗಳಲ್ಲಿಯೂ ವಾಸಿಸುತ್ತಿದ್ದ ಮಕ್ಕಳ ಪರಿಚಯವಿತ್ತು. ಕಾಯಿಲೆ ಬಿದ್ದಾಗ, ಪೆಟ್ಟು ತಿಂದಾಗ, ಆ ಮಕ್ಕಳು ವೇಳೆಯಲ್ಲದ ವೇಳೆಯಲ್ಲಿ ಅವರಿಗೆ ದೂರವಾಣಿ ಮಾಡುತ್ತಿದ್ದರು. ಒಬ್ಬರ ಮನೆಯ ದೂರವಾಣಿಯಿಂದ ಎಷ್ಟು ಮಕ್ಕಳಿಗೆ ನೆರವಾದೀತು? ಹೀಗೆ 1996ರಲ್ಲಿ ಮುಂಬಯಿಯಲ್ಲಿ 1098 ಎಂಬ ಸಂಖ್ಯೆಯ ಉಚಿತ ಸೇವೆ ಆರಂಭವಾಯಿತು. ಹತ್ತು, ಒಂಬತ್ತು, ಎಂಟು ಎಂದು ಇಳಿಯೆಣಿಕೆಯಂತೆ ಬರುವ ಈ ಸಂಖ್ಯೆಯನ್ನು ಶಾಲೆಯ ಮುಖ ಕಾಣದ ಮಕ್ಕಳೂ ‘ದಸ್, ನೌ, ಆಠ್’ ಎಂದು ನೆನಪಿಟ್ಟುಕೊಳ್ಳಬಲ್ಲರು. ಬೀದಿಯಲ್ಲಿಯೇ ಬೆಳೆದ ಹುಡುಗರು ಕೂಡ ಈ ಸೇವೆಯ ಕಾರ್ಯಕರ್ತರಾದರು. 1999ರಲ್ಲಿ ಕೇಂದ್ರಸರ್ಕಾರದ ಬೆಂಬಲದಿಂದ ಇದಕ್ಕಾಗಿಯೇ ಒಂದು ಪ್ರತಿಷ್ಠಾನ ಸ್ಥಾಪನೆಯಾಗಿ, ಸೇವೆ ಊರೂರಿಗೆ ಹರಡಿತು.

ಬ್ರಿಟನ್ನಿನ ಸಹಾಯವಾಣಿಗೂ ನಮ್ಮ 1098ಕ್ಕೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿದೆ. ಅಲ್ಲಿ ಮಗುವಿಗೆ ಮುಖ್ಯವಾಗಿ ಬೇಕಾದದ್ದು ಕಿವಿ. ಇಲ್ಲಿ ಕಿವಿಯ ಜೊತೆಗೆ ಕಾಲೂ ಬೇಕು. ಹಸಿದು ಬಸ್‌ನಿಲ್ದಾಣದಲ್ಲಿ ಕುಳಿತ ಮಗುವಿಗೆ, ಹೋಟೆಲಿನ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿರುವ ಹುಡುಗನಿಗೆ, ಮುಂದಿನ ವಾರ ಮದುವೆಯೆಂದು ತಿಳಿದು ದಿಕ್ಕುತೋಚದ ಹದಿನೈದರ ಹುಡುಗಿಗೆ ಸಮಾಧಾನದ ಮಾತಷ್ಟೇ ಸಾಲದು. ಯಾರಾದರೂ ಅಲ್ಲಿಗೆ ಹೋಗಬೇಕು. ಆದ್ದರಿಂದ ಕರೆ ಬಂದ 60 ನಿಮಿಷಗಳೊಳಗೆ ಮಗುವಿದ್ದಲ್ಲಿಗೆ ಕಾರ್ಯಕರ್ತರು ತಲುಪಬೇಕೆಂಬುದನ್ನು ಈ ಸೇವೆ ತನ್ನ ಗುರಿಯಾಗಿ ಇಟ್ಟುಕೊಂಡಿತು. ಆರಂಭದಲ್ಲಿ ಸ್ವಯಂಸೇವಾ ಸಂಸ್ಥೆಗಳ ಮೂಲಕ ನಡೆಯುತ್ತಿದ್ದ ಈ ಸೇವೆಯನ್ನು 2023ರಿಂದ ಸರ್ಕಾರವೇ ವಹಿಸಿಕೊಂಡು, 112 ಎಂಬ ತುರ್ತುಸಂಖ್ಯೆಯೊಡನೆ ಜೋಡಿಸಿದೆ. ಈ ಬದಲಾವಣೆಯಿಂದ ಪೊಲೀಸರ ನೆರವು ಬೇಗ ದೊರೆಯುವಂತಾಗಿದೆ. ಆದರೆ ಪೊಲೀಸರೆಂದರೆ ಹೆದರುವ ಮಗುವೂ ಉಂಟು. ಆ ಭಯವನ್ನು ಕರೆ ಸ್ವೀಕರಿಸುವವರು ತಮ್ಮ ಧ್ವನಿಯಿಂದಲೇ ಕಳೆಯಬೇಕಾಗುತ್ತದೆ.

ಮನಸ್ಸಿನ ದುಗುಡಕ್ಕೆಂದೇ ಇನ್ನೊಂದು ಸಂಖ್ಯೆಯೂ ಇದೆ. 2022ರ ಅಕ್ಟೋಬರ್ 10ರಂದು ‘ಟೆಲಿ ಮಾನಸ್’ ಎಂಬ ಹೆಸರಿನಿಂದ ಆರಂಭವಾದ ಈ ರಾಷ್ಟ್ರೀಯ ಸೇವೆಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇದರ ಪ್ರಧಾನ ಕೇಂದ್ರ. ಪರೀಕ್ಷೆಯ ಭಯದಿಂದ ನಿದ್ದೆಗೆಟ್ಟವರು, ಬದುಕೇ ಬೇಡವೆನಿಸಿದವರು ಹಗಲಿರುಳು ಯಾವ ಹೊತ್ತಿನಲ್ಲಾದರೂ ಇಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ನಮ್ಮ ಮನೆಗಳಲ್ಲಿ ಜ್ವರ ಬಂದರೆ ಹೇಳಿಕೊಳ್ಳುವುದಕ್ಕೆ ನಾಚಿಕೆಯಿಲ್ಲ. ಮನಸ್ಸು ಸೋತರೆ ಮಾತ್ರ ನಾಚಿಕೆ. ಲಿಂಕನ್ನಿನ ಆ ಬಾಲಕಿಯನ್ನು ಕೊಂದದ್ದು ಇಂಥದೇ ನಾಚಿಕೆ.

1098ಕ್ಕೆ ಕರೆ ಮಾಡಲು ಕರೆಮಾಡುವವರೇ ಕಷ್ಟದಲ್ಲಿರಬೇಕೆಂದಿಲ್ಲ. ನೆರೆಮನೆಯವರು, ಅಂಗಡಿಯವರು, ಜೊತೆಯ ವಿದ್ಯಾರ್ಥಿಗಳು ಯಾರು ಬೇಕಾದರೂ ಮತ್ತೊಂದು ಮಗುವಿನ ಪರವಾಗಿ ಕರೆ ಮಾಡಬಹುದು. ಗೆಳತಿಯೊಬ್ಬಳು ಇದ್ದಕ್ಕಿದ್ದಂತೆ ಶಾಲೆ ಬಿಟ್ಟಳು, ಅವಳ ಮದುವೆಯ ಮಾತು ನಡೆದಿದೆ ಎಂದು ಗೊತ್ತಾದರೆ, ಹದಿನೆಂಟು ತುಂಬದ ಹುಡುಗಿಯ ಮದುವೆಗೆ ಕಾನೂನಿನ ನಿಷೇಧವಿದೆ ಎಂಬುದನ್ನು ತಿಳಿದಿರುವ ಸಹಪಾಠಿಯ ಒಂದು ಕರೆ ಸಾಕಾಗಬಹುದು. ಆಗ ಹೇಳಬೇಕಾದದ್ದು ಹೆಚ್ಚೇನಿಲ್ಲ: ಮಗು ಎಲ್ಲಿದೆ, ಊರು ಯಾವ ತಾಲ್ಲೂಕಿಗೆ ಸೇರಿದ್ದು, ಮನೆಯ ಹತ್ತಿರ ಗುರುತಿಗೆ ಗುಡಿಯೋ ಶಾಲೆಯೋ ಕೆರೆಯೋ ಏನಿದೆ, ಮಗುವಿಗೆ ಸುಮಾರು ಎಷ್ಟು ವಯಸ್ಸು, ನಡೆಯುತ್ತಿರುವುದೇನು, ಅದು ಯಾವತ್ತು ನಡೆಯಲಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದರೆ ಆಯಿತು. ಕರೆ ಮಾಡಿದವರು ತಮ್ಮ ಹೆಸರನ್ನು ಹೇಳಲೇಬೇಕೆಂಬ ನಿಯಮವಿಲ್ಲ.